ಕಾರಿನೊಳಗೆ ಮಳೆನೀರು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾರಿನೊಳಗೆ ಸೋರುವ ಮಳೆನೀರಿಗೆ ಸಂಬಂಧಿಸಿದವು. ಆದ್ದರಿಂದ ಅಂಕಣವನ್ನು ಪೂರ್ತಿಯಾಗಿ ಆ ವಿಷಯಕ್ಕೇ ಮೀಸಲಿಡಲಾಗಿದೆ.

ಪ್ರಶ್ನೆ: ನಮ್ಮದು ಎಂಟು ವರ್ಷ ಹಳೆಯ ಹ್ಯಾಚ್‌ಬ್ಯಾಕ್. ಮಳೆಗಾಲ ಹಿಡಿಯಿತೆಂದರೆ ಮುಂದಿನ ಎಡ ಸೀಟಿನ ಕಾಲಡಿಯ ಮ್ಯಾಟ್ ಒಣಗುವುದೇ ಇಲ್ಲ. ಗ್ಯಾರೇಜಿನವರು ಬಾಗಿಲಿನ ಬೀಡಿಂಗ್ ಬದಲಾಯಿಸಿದರು, ಮುಂದಿನ ಗಾಜಿನ ಅಂಚಿಗೆ ಸಿಲಿಕೋನ್ ಹಚ್ಚಿದರು, ಗುಣ ಕಾಣಲಿಲ್ಲ. ಈಗ ಗಾಜನ್ನೇ ಬಿಚ್ಚಿ ಮತ್ತೆ ಕೂರಿಸಬೇಕು ಎನ್ನುತ್ತಿದ್ದಾರೆ. ಒಪ್ಪಬಹುದೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ನೀರು ಯಾವ ದಾರಿಯಲ್ಲಿ ಬರುತ್ತಿದೆ ಎಂಬುದನ್ನು ಇದುವರೆಗೆ ಯಾರೂ ನೋಡಿದಂತಿಲ್ಲ. ಬರಿಯ ಊಹೆಯ ಮೇಲೆ ಒಂದೊಂದೇ ಭಾಗ ಬದಲಾಗುತ್ತಾ ಹೋಗಿದೆ. ಹೆಂಚಿನ ಮನೆಯಲ್ಲಿ ಒಡೆದ ಹೆಂಚು ಒಂದು ಕಡೆ, ಹನಿ ಬೀಳುವುದು ಇನ್ನೊಂದು ಕಡೆ ಎನ್ನುವುದು ಮಲೆನಾಡಿನವರಿಗೆ ಹೇಳಿಕೊಡಬೇಕಾದ ಮಾತಲ್ಲ. ಕಾರಿನಲ್ಲೂ ಹಾಗೆಯೇ, ಒದ್ದೆ ಕಂಡ ಜಾಗಕ್ಕಿಂತ ನೀರು ನುಗ್ಗುವ ಜಾಗ ಬಹಳ ಸಲ ಮೇಲೆ ಅಥವಾ ಮುಂದೆ ಇರುತ್ತದೆ.

ನಮ್ಮ ದೇಶದ ಬಹುತೇಕ ಕಾರುಗಳಲ್ಲಿ ಬ್ಲೋವರ್ ಮತ್ತು ಕ್ಯಾಬಿನ್ ಫಿಲ್ಟರ್ ಎಡಗಡೆಯ ಗ್ಲೌವ್ ಬಾಕ್ಸಿನ ಹಿಂದೆ, ಎಸಿಯ ಕೂಲಿಂಗ್ ಕಾಯಿಲ್ ಅವುಗಳ ಪಕ್ಕದಲ್ಲೇ ಇರುವುದರಿಂದ, ನೀವು ಹೇಳಿದ ಆ ಮೂಲೆಗೆ ಮೂರು ಬಗೆಯ ನೀರು ಬಂದು ಸೇರಬಹುದು. ಮೊದಲನೆಯದು ಎಸಿಯ ನೀರು. ಬಿಸಿಲಿನ ದಿನ ಅರ್ಧ ಗಂಟೆ ಎಸಿ ಹಾಕಿಕೊಂಡು ಓಡಿಸಿ ನಿಲ್ಲಿಸಿದಾಗ ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕಬೇಕು; ಅಲ್ಲಿ ತೊಟ್ಟಿಕ್ಕದೆ ಒಳಗಿನ ಮ್ಯಾಟ್ ಒದ್ದೆಯಾದರೆ ಎಸಿಯ ನೀರನ್ನು ಹೊರಗೆ ಬಿಡುವ ರಬ್ಬರ್ ಪೈಪ್ ಕಟ್ಟಿಕೊಂಡಿದೆ ಎಂದು ತಿಳಿಯಬಹುದು. ಎರಡನೆಯದು ಕೂಲಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ. ಅದಕ್ಕೆ ಬಣ್ಣವಿರುತ್ತದೆ, ಬೆರಳಿಗೆ ಜಿಗುಟಾಗಿ ಹತ್ತುತ್ತದೆ, ಸಿಹಿಯಾದ ವಾಸನೆ ಬರುತ್ತದೆ, ಗಾಜಿನ ಒಳಮೈಗೆ ಎಣ್ಣೆಯಂಥ ಮಬ್ಬು ಕೂರುತ್ತದೆ. ಇವು ಕಂಡುಬಂದು, ಬಾನೆಟ್ಟಿನಡಿಯ ಕೂಲಂಟ್ ಡಬ್ಬಿಯ ಮಟ್ಟವೂ ಇಳಿಯುತ್ತಿದ್ದರೆ ಆ ದ್ರವ ಹರಿಯುವ ಹೀಟರ್ ಸೋರುತ್ತಿದೆ ಎಂದು ಅರ್ಥ, ತಡ ಮಾಡದೆ ಗ್ಯಾರೇಜಿಗೆ ಒಯ್ಯಬೇಕು. ಮಳೆ ಬಂದಾಗ ಮಾತ್ರ ಒದ್ದೆಯಾಗಿ, ನೀರು ಮಣ್ಣಿನ ಬಣ್ಣಕ್ಕಿದ್ದರೆ ಅದು ಮೂರನೆಯದು, ಅಂದರೆ ಮಳೆನೀರು. ನಿಮ್ಮ ಪತ್ರದಿಂದ ಹಾಗೆಯೇ ತೋರುತ್ತದೆ.

ಈಗ ಬಾನೆಟ್ ತೆರೆದು ವೈಪರ್‌ಗಳ ಬುಡವನ್ನು ನೋಡಿ. ಗಾಜಿನ ಕೆಳ ಅಂಚಿಗೆ ಹೊಂದಿಕೊಂಡು ಕಪ್ಪು ಪ್ಲಾಸ್ಟಿಕ್ಕಿನ ಜಾಲರಿಪಟ್ಟಿಯೊಂದಿದೆ. ಮೆಕ್ಯಾನಿಕ್‌ಗಳು ಅದನ್ನು ಕೌಲ್ ಎನ್ನುತ್ತಾರೆ. ಗಾಜಿನ ಮೇಲೆ ಬಿದ್ದ ಮಳೆ ಈ ಜಾಲರಿಯ ಮೂಲಕ ಕೆಳಗಿನ ತಗಡಿನ ತೊಟ್ಟಿಗೆ ಇಳಿದು, ಅಲ್ಲಿಂದ ಎರಡೂ ಬದಿಯ ಕಂಡಿಗಳಲ್ಲಿ ಚಕ್ರಗಳ ಹಿಂದೆ ನೆಲಕ್ಕೆ ಹೋಗುವಂತೆ ಕಾರನ್ನು ರೂಪಿಸಿರುತ್ತಾರೆ. ಬ್ಲೋವರ್ ಹೊರಗಿನ ಗಾಳಿಯನ್ನು ಎಳೆದುಕೊಳ್ಳುವುದೂ ಅದೇ ತೊಟ್ಟಿಯಿಂದ. ತರಗೆಲೆ, ಹೂವಿನ ಎಸಳು, ಧೂಳು ಸೇರಿ ಕೆಸರಾಗಿ ಕಂಡಿಯನ್ನು ಮುಚ್ಚಿದರೆ ತೊಟ್ಟಿ ತುಂಬುತ್ತದೆ, ನೀರು ಗಾಳಿಬಾಯಿಯ ಅಂಚನ್ನು ದಾಟಿ ಕ್ಯಾಬಿನ್ ಫಿಲ್ಟರನ್ನು ತೋಯಿಸಿ ಎಡ ಕಾಲಡಿಗೆ ಸುರಿಯುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುವ ಆಗುಂಬೆ ನಿಮ್ಮ ತಾಲ್ಲೂಕಿನದೇ. ಬಯಲುಸೀಮೆಯಲ್ಲಿ ಅರ್ಧ ಮುಚ್ಚಿದ ಕಂಡಿಯೂ ಹೇಗೋ ನಿಭಾಯಿಸೀತು, ನಿಮ್ಮ ಕಡೆಯ ಮಳೆಗೆ ಅದು ಸಾಲದು.

ಗ್ಲೌವ್ ಬಾಕ್ಸ್ ಇಳಿಸಿ ಫಿಲ್ಟರನ್ನು ಹೊರಗೆಳೆಯಿರಿ. ಅದು ತೊಯ್ದಿದ್ದರೆ, ಅಥವಾ ಒಣಗಿದ್ದರೂ ಕೆಳ ಅಂಚಿನಲ್ಲಿ ಕಂದು ಬಣ್ಣದ ನೀರಿನ ಗೆರೆ ಎದ್ದಿದ್ದರೆ, ಗಾಜನ್ನು ಮುಟ್ಟುವ ಅಗತ್ಯವೇ ಇಲ್ಲ. ವೈಪರ್ ತೋಳುಗಳನ್ನು ಬಿಚ್ಚಿಸಿ, ಜಾಲರಿಪಟ್ಟಿ ತೆಗೆಸಿ, ಕೆಸರನ್ನು ಕೈಯಿಂದಲೇ ಬಾಚಿ ತೆಗೆಯಬೇಕು. ಪೈಪಿನಿಂದ ನೀರು ಬಿಟ್ಟು ತಳ್ಳಿದರೆ ಕೆಸರು ಕಂಡಿಯೊಳಗೆ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಕೊನೆಯಲ್ಲಿ ಒಂದು ಚೊಂಬು ನೀರು ಸುರಿದು ಎರಡೂ ಬದಿಯಲ್ಲಿ ಸರಾಗವಾಗಿ ಇಳಿಯುವುದನ್ನು ಕಣ್ಣಾರೆ ನೋಡಿ.

ಫಿಲ್ಟರ್ ಒಣಗಿದ್ದು ಗೆರೆಯೂ ಇಲ್ಲದಿದ್ದರೆ ಮಾತ್ರ ಉಳಿದ ದಾರಿಗಳನ್ನು ಹುಡುಕಬೇಕು. ಮ್ಯಾಟ್ ತೆಗೆದು, ಕಾರ್ಪೆಟ್ ಎತ್ತಿ, ತಗಡನ್ನು ಒರೆಸಿ, ಮೇಲಿನಿಂದ ಕೆಳಗಿನವರೆಗೆ ಅಲ್ಲಲ್ಲಿ ಟಿಶ್ಯೂ ಕಾಗದ ಅಂಟಿಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕುಳಿತಿರಲಿ. ಇನ್ನೊಬ್ಬರು ಹೊರಗಿನಿಂದ ಸಾಧಾರಣ ಪೈಪಿನಲ್ಲಿ ನಿಧಾನವಾಗಿ, ಬಾಗಿಲಿನ ಕೆಳ ಅಂಚಿನಿಂದ ಆರಂಭಿಸಿ ಒಂದೊಂದು ಜಾಗಕ್ಕೆ ಐದೈದು ನಿಮಿಷ ನೀರು ಬಿಡುತ್ತಾ ಮೇಲಕ್ಕೆ ಹೋಗಲಿ. ಮೇಲಿನಿಂದ ಆರಂಭಿಸಿದರೆ ಎಲ್ಲ ಜಾಗವೂ ಒಟ್ಟಿಗೇ ತೊಯ್ದು, ಯಾವುದು ಸೋರಿತು ಎಂದು ಹೇಳಲಾಗುವುದಿಲ್ಲ. ವಾಟರ್ ಸರ್ವಿಸ್‌ನವರ ಪ್ರೆಷರ್ ಗನ್ ಬೇಡವೇ ಬೇಡ. ಮಳೆ ಎಂದೂ ನುಗ್ಗದ ಸಂದಿಗೂ ಅದು ನೀರನ್ನು ನುಗ್ಗಿಸುತ್ತದೆ. ಫಾಗ್ ಲ್ಯಾಂಪನ್ನೋ ಹೊಸ ಹಾರ್ನನ್ನೋ ಹಾಕಿಸಿದ್ದರೆ, ಆ ವೈರನ್ನು ಎಂಜಿನ್ ಕಡೆಯಿಂದ ಒಳಗೆ ತಂದ ರಬ್ಬರ್ ಬುಶ್ಶನ್ನೂ ಮರೆಯದೆ ನೋಡಿ. ಅದನ್ನು ಕತ್ತರಿಸಿ ವೈರ್ ತೂರಿಸಿ ಹಾಗೆಯೇ ಬಿಡುವುದು ನಮ್ಮಲ್ಲಿ ತೀರಾ ಸಾಮಾನ್ಯ.

ಪ್ರಶ್ನೆ: ಸನ್‌ರೂಫ್ ಇರುವ ಎಸ್‌ಯುವಿ ನಮ್ಮದು, ರಸ್ತೆ ಬದಿಯ ಮರದಡಿ ನಿಲ್ಲುತ್ತದೆ. ಮೊನ್ನೆ ಜೋರು ಮಳೆಯ ಮರುದಿನ ಬ್ರೇಕ್ ಒತ್ತಿದ ಕೂಡಲೇ ಒಳಚಾವಣಿಯ ದೀಪದ ಬಳಿಯಿಂದ ನೀರು ಸುರಿಯಿತು. ಸನ್‌ರೂಫಿನ ರಬ್ಬರ್ ಹೋಗಿದೆಯೇ?
— ಓದುಗರು, ಬೆಂಗಳೂರು

ಉತ್ತರ: ರಬ್ಬರಿನ ಮೇಲೆ ಸಂಶಯ ಪಡುವ ಮೊದಲು ಅದರ ಕೆಲಸವೇನೆಂದು ತಿಳಿದುಕೊಳ್ಳುವುದು ಒಳ್ಳೆಯದು. ಸನ್‌ರೂಫಿನ ರಬ್ಬರ್ ನೀರನ್ನು ಪೂರ್ತಿಯಾಗಿ ತಡೆಯುವುದಿಲ್ಲ, ತಡೆಯಬೇಕೆಂದೂ ಇಲ್ಲ. ಅದನ್ನು ದಾಟಿ ಬಂದ ನೀರಿಗೆಂದೇ ಗಾಜಿನ ಸುತ್ತ ಕಾಲುವೆಯಿದ್ದು, ಸಾಮಾನ್ಯವಾಗಿ ಅದರ ನಾಲ್ಕು ಮೂಲೆಗಳಿಂದ ನಾಲ್ಕು ಸಣ್ಣ ಕೊಳವೆಗಳು ಚಾವಣಿಯನ್ನು ಹೊತ್ತ ಕಂಬಗಳ ಒಳಗೆ ಇಳಿದು ಕಾರಿನ ಅಡಿಗೆ ತೆರೆದುಕೊಳ್ಳುತ್ತವೆ. ಅವುಗಳಲ್ಲಿ ಒಂದು ಕಟ್ಟಿಕೊಂಡರೆ ಕಾಲುವೆ ತುಂಬಿ ನಿಲ್ಲುತ್ತದೆ, ನೀವು ಬ್ರೇಕ್ ಒತ್ತಿದಾಗ ಆ ನೀರು ಮುಂದಕ್ಕೆ ಹಾರಿ ದೀಪದ ಸಂದಿಯಲ್ಲಿ ಸುರಿಯುತ್ತದೆ. ಮರ ಗುಲ್‌ಮೊಹರ್ ಆಗಿದ್ದರಂತೂ ಕೇಳುವುದೇ ಬೇಡ. ಅದರ ಎಲೆಯ ಒಂದೊಂದು ದಳವೂ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಷ್ಟೇ; ಅವು ಯಾವ ಸಂದಿಯಲ್ಲೂ ಜಾರಿ, ಮೊದಲ ಮಳೆಗೆ ನೆನೆದು, ಕೊಳವೆಯ ಬಾಯಿಗೆ ಬಿರಡೆ ಹಾಕಿದಂತೆ ಕೂರುತ್ತವೆ.

ಸನ್‌ರೂಫ್ ತೆರೆದು ಕಾಲುವೆಯನ್ನು ಬಟ್ಟೆಯಿಂದ ಒರೆಸಿ, ಒಂದೊಂದು ಮೂಲೆಗೂ ಅರ್ಧ ಲೋಟ ನೀರನ್ನು ಮೆಲ್ಲಗೆ ಹಾಕಿ. ಸ್ವಲ್ಪ ಹೊತ್ತಿನಲ್ಲಿ ಆ ಬದಿಯ ಚಕ್ರದ ಸಮೀಪ ನೀರು ಇಳಿಯಬೇಕು. ಇಳಿಯದ ಮೂಲೆಗೆ ಕಳೆ ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು, ಅದರ ತುದಿಯನ್ನು ಬೆಂಕಿಯಲ್ಲಿ ತುಸು ಕರಗಿಸಿ ದುಂಡಗೆ ಮಾಡಿಕೊಂಡು, ಒತ್ತಾಯವಿಲ್ಲದೆ ತೂರಿಸಿ ಹಿಂದೆ ಮುಂದೆ ಆಡಿಸಿ. ಪಂಕ್ಚರ್ ಅಂಗಡಿಯ ಗಾಳಿಯನ್ನು ಜೋರಾಗಿ ಊದಿಸಬೇಡಿ. ಒಳಗೆ ಕೊಳವೆ ತನ್ನ ಬಾಯಿಯಿಂದ ಕಳಚಿಕೊಂಡರೆ ಇಡೀ ಒಳಚಾವಣಿ ಇಳಿಸಬೇಕಾಗುತ್ತದೆ, ಅದರ ಖರ್ಚಿನ ಮುಂದೆ ಈಗಿನ ತೊಂದರೆ ಏನೂ ಅಲ್ಲ. ಕಂಬದ ಪ್ಲಾಸ್ಟಿಕ್ ಹೊದಿಕೆಯನ್ನು ನೀವೇ ಎಳೆದು ನೋಡುವುದೂ ಬೇಡ. ಅದರ ಹಿಂದೆ ಕರ್ಟನ್ ಏರ್‌ಬ್ಯಾಗ್ ಇರಬಹುದು.

ಪ್ರಶ್ನೆ: ಬಾಗಿಲುಗಳಿಗೆ ಹೊಸ ಸ್ಪೀಕರ್ ಹಾಕಿಸಿದ ಮೇಲೆ ಹಿಂದಿನ ಸೀಟಿನ ಕಾಲಡಿಯಲ್ಲಿ ನೀರು ನಿಲ್ಲುತ್ತಿದೆ. ಬೀಡಿಂಗ್ ಹೊಸದು, ಗಟ್ಟಿಯಾಗಿಯೂ ಇದೆ.
— ಓದುಗರು, ಮಂಗಳೂರು

ಉತ್ತರ: ಕಾರಣವನ್ನು ನೀವೇ ಹೇಳಿದ್ದೀರಿ. ಬಾಗಿಲಿನ ಗಾಜು ಇಳಿಯುವ ಸಂದಿಯಿಂದ ಮಳೆನೀರು ಬಾಗಿಲಿನೊಳಕ್ಕೆ ಹೋಗುವುದು ದೋಷವಲ್ಲ. ಅದು ಒಳಗೇ ಇಳಿದು ಬಾಗಿಲಿನ ಕೆಳ ಅಂಚಿನ ತೂತುಗಳಿಂದ ಹೊರಬೀಳುತ್ತದೆ. ಅದು ಕ್ಯಾಬಿನ್ನಿಗೆ ಬಾರದಂತೆ ತಡೆಯುವುದು ಬಾಗಿಲಿನ ಒಳಹೊದಿಕೆಯ ಹಿಂದೆ ಕಪ್ಪು ಅಂಟಿನಿಂದ ಮೆತ್ತಿರುವ ಪ್ಲಾಸ್ಟಿಕ್ ಹಾಳೆ. ಸ್ಪೀಕರ್ ಹಾಕುವವರು ಆ ಹಾಳೆಯನ್ನು ಹರಿದು, ಇನ್ನು ಬೇಡವೆಂಬಂತೆ ಬದಿಗೆ ಮಡಚಿಬಿಡುತ್ತಾರೆ. ಹೊದಿಕೆ ಬಿಚ್ಚಿಸಿ ಹಾಳೆಯನ್ನು ಬ್ಯುಟೈಲ್ ಟೇಪಿನಿಂದ (ಮೆತ್ತನೆಯ ರಬ್ಬರಿನಂಥ ಅಂಟುಪಟ್ಟಿ) ಸುತ್ತಲೂ ಸಂದಿಲ್ಲದೆ ಅಂಟಿಸಬೇಕು. ಹರಿದಿದ್ದರೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಅದೇ ಅಳತೆಗೆ ಕತ್ತರಿಸಿಕೊಂಡರೂ ನಡೆಯುತ್ತದೆ. ಹಾಳೆಯ ಕೆಳ ತುದಿ ಬಾಗಿಲಿನ ಒಳಭಾಗಕ್ಕೆ ಇಳಿದಿರಬೇಕು, ಇಲ್ಲವಾದರೆ ಹಾಳೆಯ ಮೇಲೆ ಜಾರಿದ ನೀರು ಮತ್ತೆ ನಿಮ್ಮ ಕಾಲಡಿಗೇ ಬರುತ್ತದೆ. ಬಾಗಿಲು ಆಡಿಸಿದಾಗ ಒಳಗೆ ನೀರು ತುಳುಕಿದ ಸದ್ದಾದರೆ ಕೆಳಗಿನ ತೂತುಗಳನ್ನೂ ಕಡ್ಡಿಯಿಂದ ಬಿಡಿಸಿ.

ಪ್ರಶ್ನೆ: ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ ನೀರು ತುಂಬುತ್ತಿದೆ. ಅಡಿಯ ರಬ್ಬರ್ ಬಿರಡೆಯನ್ನು ತೆಗೆದು ಹಾಗೆಯೇ ಬಿಟ್ಟರೆ ಸಾಕಲ್ಲವೇ?
— ಓದುಗರು, ಶಿರಸಿ

ಉತ್ತರ: ನಿಂತ ನೀರು ಹೋಗಲು ತೆಗೆಯಿರಿ, ಆಮೇಲೆ ಮರಳಿ ಹಾಕಿ, ಬಿಟ್ಟರೆ ಹಿಂಚಕ್ರ ಎರಚುವ ಕೆಸರು ಅಲ್ಲಿಂದಲೇ ಒಳಗೆ ಬರುತ್ತದೆ. ನೀರಿನ ಮೂಲ ಹೆಚ್ಚಾಗಿ ಹಿಂದಿನ ದೀಪಗಳ ಸುತ್ತಲಿನ ಸ್ಪಂಜಿನ ಪಟ್ಟಿಯಲ್ಲಿ ಇರುತ್ತದೆ. ಗುಂಡಿಯ ಗೋಡೆಗೆಲ್ಲ ಸೀಮೆಸುಣ್ಣದ ಪುಡಿ ಬಳಿದು ಹೊರಗಿನಿಂದ ನೀರು ಬಿಟ್ಟರೆ, ಪುಡಿಯ ಮೇಲೆ ಬಿದ್ದ ಗೆರೆಯನ್ನು ಹಿಡಿದು ಮೇಲಕ್ಕೆ ಹೋಗಬಹುದು. ಹಿಂದಿನಿಂದ ಯಾರಾದರೂ ಗುದ್ದಿ ಟಿಂಕರಿಂಗ್ ಮಾಡಿಸಿದ ಕಾರಾದರೆ ತಗಡಿನ ಜೋಡಣೆಗೆ ಹಚ್ಚುವ ಸೀಲರನ್ನು ಬಿಟ್ಟಿರುವ ಸಾಧ್ಯತೆಯೂ ಇದೆ. ಹಿಂಗಾಜಿಗೆ ವಾಷರ್ ಇದ್ದರೆ ಅದನ್ನೂ ಒಮ್ಮೆ ಒತ್ತಿ ನೋಡಿ: ಅದರ ಪೈಪ್ ಒಳಗೆ ಕಳಚಿಕೊಂಡಿದ್ದು, ಮಳೆಯೆಂದು ನೀವು ಬಗೆದದ್ದು ಗಾಜು ತೊಳೆಯುವ ನೀರೇ ಆಗಿರಬಹುದು.

ಸೋರುವ ಜಾಗ ಸಿಕ್ಕ ಮೇಲೆ ಎಂ-ಸೀಲ್ ಮೆತ್ತಬೇಡಿ. ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ, ಓಡುವಾಗ ತಗಡು ಅಲುಗುವುದರಿಂದ ಬಿರುಕು ಬಿಡುತ್ತದೆ. ಕಿಟಕಿ, ಸಿಂಕುಗಳಿಗೆ ಬಳಸುವ, ವಿನೆಗರಿನ ವಾಸನೆಯ ಸಿಲಿಕೋನ್ ಬರಿಯ ತಗಡನ್ನು ತುಕ್ಕು ಹಿಡಿಸುತ್ತದೆ. ಅದು ಹತ್ತಿದ ಜಾಗಕ್ಕೆ ಮುಂದೆ ಬಣ್ಣವೂ ಕಚ್ಚುವುದಿಲ್ಲ, ಗಾಜು ಕೂರಿಸುವ ಅಂಟೂ ಕಚ್ಚುವುದಿಲ್ಲ. ತಗಡಿನ ಜೋಡಣೆಗೆ ಪಾಲಿಯುರಿಥೇನ್ ಸೀಲರ್, ದೀಪಕ್ಕೆ ಹೊಸ ಪಟ್ಟಿ ಅಥವಾ ಬ್ಯುಟೈಲ್ ಟೇಪ್ ಸರಿಯಾದವು. ಯಾವುದನ್ನೇ ಹಚ್ಚುವುದಾದರೂ ಮೊದಲು ಜಾಗ ಒಣಗಿ ಶುಭ್ರವಾಗಿರಬೇಕು.

ಪ್ರಶ್ನೆ: ಸೋರಿಕೆ ನಿಂತಿದೆ, ಆದರೆ ಮುಗ್ಗಲು ವಾಸನೆ ಹೋಗುತ್ತಿಲ್ಲ. ಸುಗಂಧದ ಡಬ್ಬಿ ಇಟ್ಟು ನೋಡಿದ್ದಾಯಿತು.
— ಓದುಗರು, ಹಾಸನ

ಉತ್ತರ: ಕಾರ್ಪೆಟ್ ಮೇಲ್ನೋಟಕ್ಕೆ ಒಣಗಿದ್ದರೂ ಅದರಡಿಯ ದಪ್ಪ ಫೋಮ್ ವಾರಗಟ್ಟಲೆ ನೀರು ಹಿಡಿದುಕೊಂಡಿರುತ್ತದೆ. ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ಎಬ್ಬಿಸಿ, ಕಾರ್ಪೆಟ್ಟಿನ ಅಂಚೆತ್ತಿ ಆ ಫೋಮನ್ನು ಕೈಯಿಂದ ಹಿಂಡಿ ನೋಡಿ. ಹನಿ ಬಿದ್ದರೆ ಸೀಟು ಬಿಚ್ಚಿಸಿ ಕಾರ್ಪೆಟ್ಟನ್ನು ಹೊರಗೆ ತೆಗೆದು ಬಿಸಿಲಿಗೆ ಹಾಕದೆ ಬೇರೆ ದಾರಿಯಿಲ್ಲ. ಸೀಟಿನಡಿ ಹಳದಿ ಕನೆಕ್ಟರ್ ಇದ್ದರೆ ಅದು ಏರ್‌ಬ್ಯಾಗಿನದು. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ ಕೆಲವು ನಿಮಿಷ ಕಾದ ನಂತರವೇ ಅದನ್ನು ಬಿಡಿಸಬೇಕು, ಮರಳಿ ಜೋಡಿಸುವ ತನಕ ಇಗ್ನಿಷನ್ ಹಾಕಬಾರದು. ಅಭ್ಯಾಸವಿಲ್ಲದವರು ಈ ಕೆಲಸವನ್ನು ಮೆಕ್ಯಾನಿಕ್ಕಿಗೇ ಬಿಡುವುದು ಲೇಸು. ಕಾರ್ಪೆಟ್ಟಿನಡಿ ಹಾದುಹೋಗುವ ವೈರಿನ ಜೋಡಣೆಗಳಲ್ಲಿ ಹಸಿರು ಪುಡಿ ಕಂಡರೆ ಆಗಲೇ ಸರಿಪಡಿಸಿಕೊಳ್ಳಿ. ಕೆಲವು ತಿಂಗಳ ನಂತರ ಕಾರಣ ತಿಳಿಯದೆ ಸೆಂಟ್ರಲ್ ಲಾಕ್ ಕೈಕೊಡುವುದು, ಎಚ್ಚರಿಕೆ ದೀಪ ಹತ್ತುವುದು ಇದರಿಂದಲೇ. ಕ್ಯಾಬಿನ್ ಫಿಲ್ಟರ್ ತೊಯ್ದಿದ್ದರೆ ತೊಳೆಯದೆ ಬದಲಾಯಿಸಿ. ಎಲ್ಲ ಜೋಡಿಸಿದ ಮೇಲೂ ಉಳಿದ ತೇವಕ್ಕೆ, ಎಸಿಯನ್ನು ಬಿಸಿಗಾಳಿಯ ಜೊತೆಯಲ್ಲಿ, ಹೊರಗಿನ ಗಾಳಿ ಬರುವಂತೆ ಇಟ್ಟು ಓಡಿಸುವುದು ಸುಗಂಧದ ಡಬ್ಬಿಗಿಂತ ಎಷ್ಟೋ ಪ್ರಯೋಜನಕಾರಿ.

ಪ್ರಶ್ನೆ: ಹಳೆಯ ಕಾರು ಕೊಳ್ಳುವಾಗ ಒಳಗೆ ನೀರು ಸೋರಿದ್ದನ್ನು ಪತ್ತೆ ಹಚ್ಚುವುದು ಹೇಗೆ?
— ಓದುಗರು, ಹುಬ್ಬಳ್ಳಿ

ಉತ್ತರ: ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಬೂಷ್ಟು ಅಥವಾ ಕೆಸರಿನ ಕಲೆ ಸುರುಳಿಯ ಒಳಭಾಗದಲ್ಲಿ ಉಳಿದುಕೊಂಡಿರುತ್ತದೆ. ಸೀಟಿನಡಿಯ ಬೋಲ್ಟು ಮತ್ತು ಕಂಬಿಗಳ ತುಕ್ಕು, ಸ್ಟೆಪ್ನಿ ಎತ್ತಿದಾಗ ಗುಂಡಿಯಲ್ಲಿ ಕಾಣುವ ನೀರಿನ ಗೆರೆ ಇವನ್ನೂ ಗಮನಿಸಿ. ನೋಡಲು ಹೋದಾಗ ಕಾರಿನೊಳಗೆ ಸುಗಂಧ ಘಮ್ಮೆನ್ನುತ್ತಿದ್ದರೆ ಗಾಜುಗಳನ್ನೆಲ್ಲ ಇಳಿಸಿ ಕಾಲು ಗಂಟೆ ಬಿಟ್ಟು, ಮತ್ತೆ ಏರಿಸಿ ಬಿಸಿಲಿನಲ್ಲಿ ಕೆಲಹೊತ್ತು ನಿಲ್ಲಿಸಿದ ಮೇಲೆ ಇನ್ನೊಮ್ಮೆ ಒಳಗೆ ಕುಳಿತು ನೋಡಿ.