ಎರಡು ನಿಮಿಷದ ಫೋನೋಗ್ರಾಫ್‌ನಲ್ಲಿ ನಾಲ್ಕು ನಿಮಿಷದ ಹಾಡು

ಪ್ರಶ್ನೆ: ನಾವು ನ್ಯೂಜೆರ್ಸಿಯ ಎಡಿಸನ್ ಊರಿನಲ್ಲಿದ್ದೇವೆ. ಪಕ್ಕದ ಬೀದಿಯಲ್ಲಿ ಒಂದು ಮನೆಯವರು ಹಳೇ ಸಾಮಾನು ಮಾರುವಾಗ ಎಡಿಸನ್ ಸ್ಟ್ಯಾಂಡರ್ಡ್ ಫೋನೋಗ್ರಾಫ್ ಸಿಕ್ಕಿತು. ಜೊತೆಗೆ ಹನ್ನೆರಡು ಸಿಲಿಂಡರ್, ಅಂದರೆ ಹಾಡು ಕೊರೆದ ಉರುಳೆಗಳು. ಕಪ್ಪು ಮೇಣದ ಆರು ಚೆನ್ನಾಗಿ ಹಾಡುತ್ತವೆ. ನೀಲಿ ಬಣ್ಣದವನ್ನು ಹಾಕಿದರೆ ಹಾಡು ತುಂಡುತುಂಡಾಗಿ ಹಾರುತ್ತದೆ. ರಿಪೇರಿಯವರು ಮಷೀನ್ ಅಪ್‌ಗ್ರೇಡ್ ಮಾಡಿಸಿ ಅನ್ನುತ್ತಾರೆ. ಇಷ್ಟು ಹಳೆಯದಕ್ಕೆ ಕೈ ಹಾಕಿದರೆ ಬೆಲೆ ಹೋಗುತ್ತಾ? ಊರಿಂದ ತಂದ ಅಜ್ಜನ 78ರ ಗ್ರಾಮಫೋನ್ ತಟ್ಟೆಗಳನ್ನೂ ಇದರಲ್ಲೇ ಹಾಡಿಸಬಹುದಾ?

ಉತ್ತರ: ಮೊದಲು ಆ ನೀಲಿ ಸಿಲಿಂಡರ್‌ಗಳನ್ನು ಇದರ ಮೇಲೆ ಹಾಕೋದನ್ನು ನಿಲ್ಲಿಸಿ. ಮಿಕ್ಕಿದ್ದು ಆಮೇಲೆ.

ನಿಮ್ಮ ಮಷೀನ್ ಕೆಟ್ಟಿಲ್ಲ. ಅದು ಎರಡು ನಿಮಿಷದ ಮಷೀನ್, ಅಷ್ಟೆ. ಎರಡು ನಿಮಿಷದ ಮೇಣದ ಸಿಲಿಂಡರ್‌ನಲ್ಲಿ ಒಂದಿಂಚಿಗೆ 100 ಗೀರು ಇರುತ್ತಿದ್ದವು. ನಿಮಿಷಕ್ಕೆ 160 ಸುತ್ತು. ಲೆಕ್ಕ ಹಾಕಿ ನೋಡಿ, ಎರಡು ನಿಮಿಷಕ್ಕೆ 320 ಸುತ್ತು, ಅಂದರೆ ಮುಳ್ಳು ಮೂರೂಕಾಲು ಇಂಚಿನಷ್ಟು ಮುಂದೆ ಹೋಗುವಷ್ಟರಲ್ಲಿ ಹಾಡು ಮುಗಿಯಿತು. 1908ರಲ್ಲಿ ಎಡಿಸನ್ ಕಂಪನಿ ಆಂಬೆರಾಲ್ ಅನ್ನೋ ಹೊಸ ಸಿಲಿಂಡರ್ ತಂದಿತು. ಅಳತೆ ಅದೇ, ವೇಗವೂ ಅದೇ, ಆದರೆ ಗೀರು ಮಾತ್ರ ಇಂಚಿಗೆ 200. ಅಷ್ಟೇ ಜಾಗದಲ್ಲಿ ನಾಲ್ಕು ನಿಮಿಷ! ನಿಮ್ಮ ನೀಲಿಯವು 1912ರಿಂದ ಬಂದ ಬ್ಲೂ ಆಂಬೆರಾಲ್ ಇರಬೇಕು. ಮೇಲೆ ಸೆಲ್ಯುಲಾಯ್ಡ್, ಒಳಗೆ ಪ್ಲಾಸ್ಟರ್.

ಗ್ರಾಮಫೋನ್ ತಟ್ಟೆಯಲ್ಲಿ ಗೀರೇ ಮುಳ್ಳನ್ನು ಎಳೆದುಕೊಂಡು ಹೋಗುತ್ತೆ. ಇಲ್ಲಿ ಹಾಗಲ್ಲ, ಉದ್ದನೆಯ ಫೀಡ್ ಸ್ಕ್ರೂ ಒಂದು ಮುಳ್ಳಿನ ತಲೆಯನ್ನು, ಅಂದರೆ ಮುಳ್ಳನ್ನು ಹಿಡಿದು ದನಿ ಹೊರಡಿಸುವ ಭಾಗವನ್ನು, ತಳ್ಳಿಕೊಂಡು ಹೋಗುತ್ತೆ. ನಿಮ್ಮ ಸ್ಕ್ರೂ ಇಂಚಿಗೆ 100ರ ಲೆಕ್ಕದಲ್ಲೇ ಓಡುತ್ತಿದೆ, ಸಿಲಿಂಡರ್‌ನಲ್ಲಿರೋದು 200. ಹಾಡು ಹಾರದೆ ಇನ್ನೇನಾದೀತು? ಮೇಲಾಗಿ ಹಳೇ ಮಾಡೆಲ್ ಸಿ ತಲೆಯ ಮುಳ್ಳು ಈ ಗೀರಿಗೆ ತುಂಬಾ ದಪ್ಪ. ಒಳಗೆ ಕೂರದೆ ಪಕ್ಕದ ಗೀರುಗಳ ಅಂಚನ್ನೂ ತುಳಿಯುತ್ತೆ. ಮೇಣದ ಆಂಬೆರಾಲ್ ಮೇಲೆ ಹೀಗೆ ಓಡಿಸಿದ್ದನ್ನು ನಾನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಮುಳ್ಳಿನ ಕೆಳಗೆ ನಯವಾದ ಪುಡಿ ಸೇರಿತು, ಕಪ್ಪು ಹೊಳಪಿನ ಮೇಲೆ ಓರೆಯಾದ ಬಿಳಿ ಗೆರೆಗಳು ಎದ್ದವು. ಅಲ್ಲಿದ್ದ ಹಾಡು ಮತ್ತೆ ಬರಲಿಲ್ಲ. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಈಗ ಅಪ್‌ಗ್ರೇಡ್ ವಿಷಯ. ಧೈರ್ಯವಾಗಿ ಮಾಡಿಸಿ. ಇದು ಇವತ್ತಿನವರು ಹುಟ್ಟಿಸಿದ ಉಪಾಯ ಅಲ್ಲ. ಆಂಬೆರಾಲ್ ಬಂದಾಗ ಮನೆಮನೆಯಲ್ಲಿ ಎರಡು ನಿಮಿಷದ ಮಷೀನ್‌ಗಳಿದ್ದವು, ಅವನ್ನೆಲ್ಲ ಮೂಲೆಗೆ ಎಸೆಯಿರಿ ಅಂತ ಹೇಳೋದಕ್ಕಾಗುತ್ತಾ? ಅದಕ್ಕೇ ಎಡಿಸನ್ ಕಂಪನಿಯೇ ಜೋಡಿಸಿಕೊಳ್ಳುವ ಗೇರ್ ಸೆಟ್ ಮಾರಿತು. ಸಿಲಿಂಡರ್ 160 ಸುತ್ತೇ ತಿರುಗುತ್ತೆ, ನಡುವಿನ ಹಲ್ಲುಚಕ್ರಗಳು ಫೀಡ್ ಸ್ಕ್ರೂವನ್ನು ಮಾತ್ರ ಅರ್ಧ ವೇಗಕ್ಕೆ ಇಳಿಸುತ್ತವೆ. ಬೇಕೆಂದಾಗ ಮತ್ತೆ ಎರಡು ನಿಮಿಷಕ್ಕೆ ಬದಲಾಯಿಸಬಹುದು. ಜೊತೆಗೆ ಸಣ್ಣ ಮುಳ್ಳಿನ ಮಾಡೆಲ್ ಎಚ್ ತಲೆ ಬರುತ್ತಿತ್ತು. ಆಮೇಲೆ ಬಂದ ಮಾಡೆಲ್ ಕೆಯಲ್ಲಿ ಎರಡೂ ಮುಳ್ಳು ಒಂದೇ ತಲೆಯಲ್ಲಿ, ತಿರುಗಿಸಿದರೆ ಆಯ್ತು.

ಹಾಗಾಗಿ ಆ ಕಾಲದ್ದೇ ಸೆಟ್ ಹುಡುಕಿ. ಅದು ನಿಮ್ಮ ಮಾಡೆಲ್‌ಗೇ ಸರಿಹೋಗಬೇಕು. ಸ್ಟ್ಯಾಂಡರ್ಡ್‌ನದು ಎಡಿಸನ್‌ದೇ ಇನ್ನೊಂದು ಮಾಡೆಲ್ ಆದ ಹೋಮ್‌ಗೆ ಕೂರೋದಿಲ್ಲ. ರಿಪೇರಿಯವರು ಡ್ರಿಲ್ ತೆಗೆದರೆ, ಅರ ಹಾಕಿ ಉಜ್ಜೋಕೆ ಹೊರಟರೆ, ಮಷೀನ್ ಎತ್ತಿಕೊಂಡು ಮನೆಗೆ ಬನ್ನಿ. ಬಿಚ್ಚಿದ ಒಂದು ಸ್ಕ್ರೂವನ್ನೂ ಕಳೆಯಬೇಡಿ, ಡಬ್ಬಿಯಲ್ಲಿ ಹಾಕಿ ಮಷೀನ್ ಜೊತೆಗೇ ಇಡಿ. ಹೀಗೆ ಮಾಡಿದರೆ ಬೆಲೆ ಹೋಗುತ್ತೆ ಅನ್ನೋ ಮಾತನ್ನು ನಾನು ಒಪ್ಪೋದಿಲ್ಲ. 1909ರಲ್ಲಿ ಆ ಮನೆಯವರು ಏನು ಮಾಡಿಸಬಹುದಿತ್ತೋ ಅದನ್ನೇ ನೀವು ಈಗ ಮಾಡಿಸುತ್ತಿದ್ದೀರಿ, ಅಲ್ವಾ?

ತಲೆಯ ವಿಷಯದಲ್ಲಿ ಮಾತ್ರ ತುಂಬಾ ಹುಷಾರು. ನೀಲಿಯವಕ್ಕೆ ಒಳ್ಳೆಯದು ಡೈಮಂಡ್ ಬಿ ತಲೆ, ಹಳೇ ಮಷೀನ್‌ಗಳಿಗೆಂದೇ ಬಂದದ್ದು. ದನಿ ಗಟ್ಟಿ, ಕೇಳೋಕೆ ಖುಷಿ. ಆದರೆ ಅದು ಭಾರ, ಮುಳ್ಳು ವಜ್ರದ್ದು. ಮೇಣದ ಮೇಲೆ ಇಟ್ಟರೆ ಒಂದೇ ಸಲಕ್ಕೆ ಗೀರು ಹಾಳು. ಮೇಣಕ್ಕೆ ಯಾವಾಗಲೂ ನೀಲಮಣಿಯ ಮುಳ್ಳೇ ಇರಲಿ, ಎರಡು ನಿಮಿಷದ್ದಕ್ಕೆ ಸಿ, ನಾಲ್ಕು ನಿಮಿಷದ್ದಕ್ಕೆ ಎಚ್. ಕಪ್ಪು ಮೇಣದಲ್ಲೂ ನಾಲ್ಕು ನಿಮಿಷದವು ಇವೆ, ಅಂಚಿನಲ್ಲಿ ನಂಬರ್ ಪಕ್ಕ 4ಎಂ ಅಂತ ಇದೆಯಾ ನೋಡಿ.

ಇನ್ನೊಂದು, ನೀಲಿಯ ಒಳಗಿನ ಪ್ಲಾಸ್ಟರ್ ತೇವಕ್ಕೆ ಊದಿಕೊಂಡಿರಬಹುದು. ಮಷೀನ್‌ಗೆ ಏರಿಸುವಾಗ ಸಲೀಸಾಗಿ ಜಾರಲಿಲ್ಲ ಅಂದರೆ ಒತ್ತಬೇಡಿ, ಒಡೆದುಹೋಗುತ್ತೆ.

ಅಜ್ಜನ ತಟ್ಟೆಗಳು ಇದರಲ್ಲಿ ಆಗೋದಿಲ್ಲ. ಆಕಾರ ಒಂದೇ ಅಡ್ಡಿಯಲ್ಲ. ಸಿಲಿಂಡರ್‌ನಲ್ಲಿ ಮುಳ್ಳು ಮೇಲೆ ಕೆಳಗೆ ಕುಣಿಯುತ್ತೆ, 78ರ ತಟ್ಟೆಯಲ್ಲಿ ಅಕ್ಕಪಕ್ಕಕ್ಕೆ. ಅದಕ್ಕೆ ಬೇರೆ ಗ್ರಾಮಫೋನ್ ತನ್ನಿ.

ಗೇರ್ ಸೆಟ್ ಸಿಗೋವರೆಗೆ ನೀಲಿ ಸಿಲಿಂಡರ್‌ಗಳ ಅಂಚಿನ ನಂಬರ್ ಬರೆದುಕೊಳ್ಳಿ. ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಸಾವಿರಾರು ಸಿಲಿಂಡರ್ ಹಾಡುಗಳನ್ನು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಇಟ್ಟಿದ್ದಾರೆ, ನಿಮ್ಮವೂ ಅಲ್ಲಿರಬಹುದು. ಅಂದಹಾಗೆ, 1877ರಲ್ಲಿ ಎಡಿಸನ್ ಮೊದಲ ಫೋನೋಗ್ರಾಫ್ ಮಾಡಿದ ಮೆನ್ಲೋ ಪಾರ್ಕ್ ಇರೋದು ನಿಮ್ಮ ಊರಿನೊಳಗೇ. ಇನ್ನೂ ಹೋಗಿಲ್ಲದಿದ್ದರೆ ಒಂದು ದಿನ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.