ಸೆಕೆ ಏರಿದರೆ ಕಡಲಾಮೆ ಮರಿಗಳೆಲ್ಲ ಹೆಣ್ಣೇ?

ಪ್ರಶ್ನೆ: ನಮ್ಮ ಮನೆ ಕುಂದಾಪುರದ ಹತ್ತಿರ, ಕಡಲ ತೀರದಲ್ಲೇ. ಕಡಲಾಮೆ ಮೊಟ್ಟೆ ಇಟ್ಟ ಜಾಗಕ್ಕೆ ಬಲೆ ಕಟ್ಟಿ ಕಾಯುತ್ತಾರೆ. ಸೆಕೆ ಹೀಗೇ ಏರಿದರೆ ಮರಿಗಳೆಲ್ಲ ಹೆಣ್ಣೇ ಆಗುತ್ತವೆ ಅಂತ ವಾಟ್ಸಾಪ್‌ನಲ್ಲಿ ಬಂತು. ನಿಜವಾ? ಗೂಡಿನ ಮೇಲೆ ನೀರು ಹಾಕಬಹುದಾ?

ಉತ್ತರ: ಈ ಸಲ ವಾಟ್ಸಾಪ್ ಪೂರ್ತಿ ಸುಳ್ಳು ಹೇಳಿಲ್ಲ. ಕಡಲಾಮೆ ಮೊಟ್ಟೆ ಇಡುವಾಗ ಒಳಗಿರುವುದು ಗಂಡೋ ಹೆಣ್ಣೋ ಇನ್ನೂ ತೀರ್ಮಾನವಾಗಿರುವುದಿಲ್ಲ. ಮರಿ ಹೊರಬರಲು ಸುಮಾರು 45ರಿಂದ 60 ದಿನ ಬೇಕು. ಅದರಲ್ಲಿ ನಡುವಿನ ಕೆಲವು ವಾರ ಗೂಡು ಎಷ್ಟು ಬಿಸಿ ಇರುತ್ತದೋ ಅದರ ಮೇಲೆ ಎಲ್ಲ ನಿಂತಿದೆ. ನಮ್ಮಲ್ಲಿಗೆ ಬರುವ ಆಲಿವ್ ರಿಡ್ಲೆ ಆಮೆಗಳಲ್ಲಿ 29–30 ಡಿಗ್ರಿ ಆಸುಪಾಸಿನಲ್ಲಿ ಗಂಡು, ಹೆಣ್ಣು ಹೆಚ್ಚುಕಡಿಮೆ ಸಮ. ತಂಪಾದರೆ ಗಂಡು ಜಾಸ್ತಿ, ಬಿಸಿಯಾದರೆ ಹೆಣ್ಣು. 35 ದಾಟಿ ಹಾಗೇ ನಿಂತರೆ ಮರಿ ಮೊಟ್ಟೆಯೊಳಗೇ ಸಾಯಬಹುದು.

ಟಿವಿಯಲ್ಲಿ ಹೇಳುವುದು ಗಾಳಿಯ ಬಿಸಿ. ಮೊಟ್ಟೆಗಳಿರುವುದು ಮರಳಿನ ಆಳದಲ್ಲಿ. ಒಂದು ಮಧ್ಯಾಹ್ನದ ಉರಿ ಅಲ್ಲಿಗೆ ಅಷ್ಟಾಗಿ ತಟ್ಟುವುದಿಲ್ಲ. ನಿಜವಾದ ಚಿಂತೆ ನಿಧಾನವಾಗಿ ಏರುತ್ತಿರುವ ಸರಾಸರಿ. 1901ರಿಂದ 2018ರ ನಡುವೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. ಇಷ್ಟೇನಾ ಅನ್ನಿಸಬಹುದು. ಆದರೆ ಒಂದೆರಡು ಡಿಗ್ರಿಯಲ್ಲೇ ಗಂಡು ಹೆಣ್ಣಿನ ಲೆಕ್ಕ ತಿರುಗುಮುರುಗಾಗುವ ಪ್ರಾಣಿಗೆ ಇದು ಸಣ್ಣದಲ್ಲ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಬಿಸಿ ಹೆಚ್ಚಿರುವ ಉತ್ತರ ಭಾಗದ ಹಸಿರು ಕಡಲಾಮೆಗಳಲ್ಲಿ ಎಳೆಯವು ಶೇ. 99ರಷ್ಟು ಹೆಣ್ಣು ಎಂದು 2018ರ ಅಧ್ಯಯನ ತೋರಿಸಿತು.

ಹಾಗಂತ ನಾಳೆಯೇ ಸಂತತಿ ನಿಲ್ಲುವುದಿಲ್ಲ. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುತ್ತದೆ. ಹೆಣ್ಣು ಸ್ವಲ್ಪ ಜಾಸ್ತಿ ಇದ್ದರೆ ತೊಂದರೆ ಇಲ್ಲ. ಗಂಡೇ ಸಿಗದಷ್ಟಾದರೆ ಮಾತ್ರ ಕಷ್ಟ. ಅದಕ್ಕೇ ಚಳಿಗಾಲದ ಮೊದಲ ಗೂಡುಗಳ ಬಗ್ಗೆ ನನಗೆ ಹೆಚ್ಚು ಕಾಳಜಿ. ಗಂಡು ಮರಿ ಸಿಗುವ ಸಾಧ್ಯತೆ ಅಲ್ಲೇ ಜಾಸ್ತಿ, ಅಲ್ವಾ? ಕಾವಲು ಅಷ್ಟೊತ್ತಿಗೇ ಶುರುವಾಗಬೇಕು.

ನೀವಾಗಿ ನೀರು ಹಾಕಬೇಡಿ. ಜಾಸ್ತಿಯಾದರೆ ಮೊಟ್ಟೆಗೆ ಗಾಳಿ ಸಿಗದೆ ಕೊಳೆಯುತ್ತದೆ. ಮೊಟ್ಟೆ ಎತ್ತಿ ಬೇರೆಡೆ ಇಡುವುದಂತೂ ಬೇಡವೇ ಬೇಡ. ಇಟ್ಟು ಕೆಲವು ಗಂಟೆಗಳಾದ ಮೇಲೆ ಹೊರಳಿಸಿದರೂ ಒಳಗಿನ ಜೀವ ಸಾಯಬಹುದು. ಬಿಸಿಲು ತೀರಾ ಹೆಚ್ಚಿದ್ದರೆ ತೆಂಗಿನ ಗರಿಯ ಚಪ್ಪರ ಹಾಕಬಹುದಾ ಅಂತ ಅರಣ್ಯ ಇಲಾಖೆಯವರನ್ನು ಕೇಳಿ. ಜೊತೆಗೆ, ನಿಮ್ಮ ತೀರಕ್ಕೆ ಕಲ್ಲಿನ ತಡೆಗೋಡೆ ಬರುವ ಮಾತಿದ್ದರೆ ಊರಿನವರು ಈಗಲೇ ಪ್ರಶ್ನಿಸಿ. ಗೋಡೆ ಬಂದರೆ ಆಮೆಗೆ ಹತ್ತಿ ಬರಲು ಮರಳೇ ಉಳಿಯುವುದಿಲ್ಲ.