ಶಾಲು ಹೊದಿಸಿದ್ದಾಯಿತು, ಅಂಗಡಿ ಹರಾಜಿಗೆ ಯಾರು ಹೋದರು?

ಓದುಗರ ಪತ್ರ:
ಸಂಪಾದಕರಿಗೆ ನಮಸ್ಕಾರ. ಕಳೆದ ತಿಂಗಳು ನಮ್ಮೂರಲ್ಲಿ ಸೌಹಾರ್ದ ಸಮಾವೇಶ ಮಾಡಿದೆವು. ಇಬ್ಬರು ಸ್ವಾಮಿಗಳು, ಒಬ್ಬರು ಮೌಲ್ವಿಗಳು, ಒಬ್ಬರು ಫಾದರ್ ಒಂದೇ ವೇದಿಕೆ ಮೇಲೆ ಕೂತಿದ್ದರು. ಎಂಟುನೂರು ಜನ ಸೇರಿದ್ದರು. ವರದಿ ಕಳಿಸಿದರೆ ನೀವು ಹಾಕಿದ್ದು ನಾಲ್ಕು ಸಾಲು. ಅದೇ ಸಂಚಿಕೆಯಲ್ಲಿ ಹಳ್ಳಿಯ ಮೊಹರಂ ಕುಣಿತಕ್ಕೆ ಐದು ಪುಟ! ಜಾತ್ರೆ, ಮೊಹರಂನ ಅಲಾಯಿ ಎಂದು ಹಳೆಯದನ್ನು ಮೆಚ್ಚಿ ಕೂತರೆ ಆಯಿತೇ? ಆ ಜಾತ್ರೆಯಲ್ಲಿ ದಲಿತರ ಜಾಗ ಎಲ್ಲಿತ್ತು ಎಂದು ಕೇಳಿದ್ದೀರಾ? ದ್ವೇಷ ಸಂಘಟಿತವಾಗಿ ಬರುವಾಗ ಪ್ರೀತಿಯೂ ಸಂಘಟಿತವಾಗಿ ಎದ್ದು ನಿಲ್ಲಬೇಡವೇ?
— ನಿವೃತ್ತ ಶಿಕ್ಷಕ, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ:
ಮಾಸ್ತರರೇ, ಇಷ್ಟು ದುಂಡಗಿನ ಅಕ್ಷರದಲ್ಲಿ ಇಷ್ಟು ಸಿಟ್ಟು ತುಂಬಿದ ಪತ್ರ ನಮ್ಮ ಕಚೇರಿಗೆ ಈಚೆಗೆ ಬಂದಿರಲಿಲ್ಲ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಸಿಟ್ಟನ್ನು ಮಾತ್ರ ಒಂದಕ್ಷರ ಬಿಡದೆ ಅಚ್ಚು ಮಾಡಿದ್ದೇನೆ.

ಸಮಾವೇಶ ಬೇಡ ಎಂದು ನಾನು ಯಾವತ್ತೂ ಬರೆದವನಲ್ಲ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಬಾಬಾಬುಡನ್‌ಗಿರಿಯ ಗಲಾಟೆ ಏರುತ್ತಿದ್ದ 2003ರಲ್ಲಿ ಚಿಕ್ಕಮಗಳೂರಿನ ಸೌಹಾರ್ದ ಸಮಾವೇಶಕ್ಕೆ ನಾಡಿನ ಮೂಲೆಮೂಲೆಯಿಂದ ಜನ ಹೊರಟದ್ದು ಸಣ್ಣ ಸಂಗತಿಯಲ್ಲ. 2022ರ ಮೇ 14ರಂದು ಉಡುಪಿಯಲ್ಲಿ ಸಹಬಾಳ್ವೆ ಸಮಾವೇಶ ನಡೆಯಿತು. ಆ ವರ್ಷ ಕರಾವಳಿಯಲ್ಲಿ ಬಾಯಿ ಬಿಡಲು ಅಂಜುತ್ತಿದ್ದವರಿಗೆ ತಮ್ಮಂಥವರು ಇನ್ನೂ ಇದ್ದಾರೆ ಎಂಬುದಾದರೂ ಅಂದು ಕಣ್ಣಿಗೆ ಬಿತ್ತು. ನಿಮ್ಮ ಎಂಟುನೂರು ಜನಕ್ಕೂ ಹಾಗೇ ಧೈರ್ಯ ಬಂದಿರಬಹುದು. ಬರಲಿ.

ಆದರೆ ಮಾಸ್ತರರೇ, ನೀವು ಕಳಿಸಿದ ಆರು ಫೋಟೊಗಳಲ್ಲಿ ಐದು ಶಾಲು ಹೊದಿಸುವ ಫೋಟೊ. ಆರನೆಯದು ಎಲ್ಲರೂ ಕೈ ಹಿಡಿದು ಮೇಲೆತ್ತಿದ್ದು. ಭಾಷಣಗಳಲ್ಲಿ ಶಿಶುನಾಳ ಶರೀಫರು ಬಂದರು, ಅವರ ಗುರು ಗೋವಿಂದಭಟ್ಟರು ಬಂದರು, ಬಸವಣ್ಣ ಬಂದ, ಕಬೀರ ಬಂದ. ಕೆಳಗೆ ಕೂತವರಾದರೂ ಯಾರು? ಹೋದ ವರ್ಷದ ಸಮಾವೇಶಕ್ಕೆ ಬಂದವರೇ ಅಲ್ಲವೇ? ಯಾರ ಕಿವಿಗೆ ಆ ಮಾತು ಬೀಳಬೇಕಿತ್ತೋ ಅವರು ಆ ಹೊತ್ತಿಗೆ ಬೇರೆ ಸಭೆಯಲ್ಲಿದ್ದರು. ಅಲ್ಲಿ ಮೈಕೂ ಇರಲಿಲ್ಲ, ಶಾಲೂ ಇರಲಿಲ್ಲ. ಜಾತ್ರೆಯ ಅಂಗಡಿ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬ ಸಭೆ ಅದು.

2022ರ ಮಾರ್ಚ್ ನೆನಪಿಸಿಕೊಳ್ಳಿ. ತರಗತಿಯಲ್ಲಿ ಹಿಜಾಬು ನಿಷೇಧವನ್ನು ಎತ್ತಿಹಿಡಿದು ಹೈಕೋರ್ಟ್ ತೀರ್ಪು ಬಂತು, ಅದನ್ನು ಪ್ರತಿಭಟಿಸಿ ಮುಸ್ಲಿಮರು ಒಂದು ದಿನ ಅಂಗಡಿ ಮುಚ್ಚಿದರು. ಕೆಲವೇ ದಿನಗಳಲ್ಲಿ ಕಾಪುವಿನ ಹೊಸ ಮಾರಿಗುಡಿಯ ಸುಗ್ಗಿ ಮಾರಿಪೂಜೆಗೆ ಅಂಗಡಿ ಜಾಗದ ಹರಾಜು ಹಿಂದೂಗಳಿಗೆ ಮಾತ್ರ ಎಂದಾಯಿತು. ಶಿವಮೊಗ್ಗದ ಕೋಟೆ ಮಾರಿಕಾಂಬೆ ಜಾತ್ರೆಯಲ್ಲೂ ಅದೇ. ಮೂಲ್ಕಿಯ ಬಪ್ಪನಾಡಿನಲ್ಲೂ ಬ್ಯಾನರ್ ಎದ್ದಿತು. ಬಪ್ಪನಾಡು ಎಂದರೆ ಯಾವ ಊರು! ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯ ದೋಣಿ ಶಾಂಭವಿ ಹೊಳೆಯಲ್ಲಿ ನಿಂತುಹೋಗಿ, ಅವನ ಕನಸಿಗೆ ದುರ್ಗಾಪರಮೇಶ್ವರಿ ಬಂದು, ಅವನೇ ಗುಡಿ ಕಟ್ಟಿಸಿದ ಎಂಬ ಐತಿಹ್ಯದ ಊರು. ಜಾತ್ರೆಯಲ್ಲಿ ಇಂದಿಗೂ ಅವನ ಮನೆತನಕ್ಕೆ ಪ್ರಸಾದದ ಮರ್ಯಾದೆ ಸಲ್ಲುತ್ತದೆ. ಆ ಗುಡಿಯ ಬೀದಿಯಲ್ಲಿ ಬಳೆ ಮಾರುವವನ ಹೆಸರು ನೋಡಿ ಎಬ್ಬಿಸುವ ಮಾತು!

ಇದನ್ನೆಲ್ಲ ಮಾಡಿದ್ದು ಭಾಷಣದಿಂದಲ್ಲ ಎಂಬುದನ್ನು ಗಮನಿಸಿ. ಹರಾಜಿನ ಷರತ್ತಿನಲ್ಲಿ ಒಂದು ಸಾಲು ಸೇರಿಸಿದರು, ಮುಗಿಯಿತು. ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಾಗ ಸರ್ಕಾರ ತೋರಿಸಿದ್ದು ಧಾರ್ಮಿಕ ದತ್ತಿ ಕಾಯ್ದೆಯ 2002ರ ನಿಯಮಾವಳಿಯನ್ನು. ದೇವಸ್ಥಾನದ ಹತ್ತಿರದ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದು ಎಂದು ಅದರ 31ನೆಯ ನಿಯಮದಲ್ಲಿದೆ. ಇಪ್ಪತ್ತು ವರ್ಷ ಅದರ ಧೂಳು ಕೊಡವಿದವರು ವಿರಳ. ಜಾತ್ರೆಯಲ್ಲಿ ಎರಡು ದಿನ ತಾಡಪತ್ರಿ ಹಾಸಿ ಕೂರುವವನಿಗೂ ಅದು ಅನ್ವಯಿಸುತ್ತದೆಯೇ ಎಂದು ಆ ಹರಾಜಿನ ದಿನವೇ ಎದ್ದು ಕೇಳಬೇಕಿತ್ತು. ಕೇಳಲು ಅಲ್ಲಿ ನಮ್ಮವರು ಇರಲಿಲ್ಲ. ನಾವು ಎಲ್ಲೋ ಒಂದು ಕಲ್ಯಾಣ ಮಂಟಪದಲ್ಲಿ ‘ಸರ್ವಜನಾಂಗದ ಶಾಂತಿಯ ತೋಟ’ ಹಾಡುತ್ತಿದ್ದೆವು.

ಅದೇ ಬೇಸಿಗೆಯಲ್ಲಿ ಉಳಿದುಕೊಂಡದ್ದು ಏನು ನೋಡಿ. ಬೇಲೂರು ಚೆನ್ನಕೇಶವನ ರಥೋತ್ಸವದಲ್ಲಿ ತೇರಿನ ಮುಂದೆ ಕುರಾನಿನ ಸಾಲು ಓದುವ ಪದ್ಧತಿಯಿತ್ತು. ಅದನ್ನು ನಿಲ್ಲಿಸಿ ಎಂಬ ಗದ್ದಲದ ನಡುವೆಯೂ ಆ ಏಪ್ರಿಲ್‌ನಲ್ಲಿ ಓದಿದರು. ಬೆಂಗಳೂರಿನ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಬಾರದು ಎಂದರು. ಧರ್ಮರಾಯಸ್ವಾಮಿ ಗುಡಿಯಿಂದ ಹೊರಟ ಕರಗ ಹೋಗಿಯೇ ಹೋಯಿತು. ಅಲ್ಲಿ ಯಾರೂ ದೊಡ್ಡ ಮನಸ್ಸಿನವರಾಗಬೇಕಿರಲಿಲ್ಲ, ಮಾಸ್ತರರೇ. ಕರಗ ಎಲ್ಲಿಂದ ಎಲ್ಲಿಗೆ ಹೋಗಿ ಬರಬೇಕು, ಎಲ್ಲಿ ನಿಲ್ಲಬೇಕು, ಯಾರು ಎದುರುಗೊಳ್ಳಬೇಕು ಎಂಬುದು ಗೊತ್ತಿರುವ ತಿಗಳರ ಮನೆತನಗಳಿವೆ, ಕತ್ತಿ ಹಿಡಿದು ಕರಗದ ಜೊತೆ ನಡೆಯುವ ವೀರಕುಮಾರರಿದ್ದಾರೆ. ಅತ್ತ ದರ್ಗಾದಲ್ಲೂ ಕಾದು ನಿಂತವರಿರುತ್ತಾರೆ. ತಡೆಯಬಂದವನು ಜಗಳ ಕಾಯಬೇಕಾದ್ದು ಇವರ ಹಕ್ಕಿನ ಜೊತೆ. ಒಂದು ಒಳ್ಳೆಯ ವಿಚಾರವನ್ನು ಬಾಯಿ ಮಾಡಿ ಅಡಗಿಸಬಹುದು, ಒಬ್ಬನ ಪಾಲಿಗೆ ಬಂದ ಸೇವೆಯನ್ನು ಕಿತ್ತುಕೊಳ್ಳುವುದು ಅಷ್ಟು ಸುಲಭವಲ್ಲ.

ಇನ್ನು ನಿಮ್ಮ ಕಣ್ಣು ಕುಕ್ಕಿದ ಆ ಐದು ಪುಟ. ಸವದತ್ತಿ ಕಡೆಯ ಹಿರೇಬಿದನೂರಿನಲ್ಲಿ ಒಂದೂ ಮುಸ್ಲಿಂ ಮನೆಯಿಲ್ಲ. ಆದರೂ ಫಕೀರೇಶ್ವರ ಸ್ವಾಮಿ ಹೆಸರಿನ ಮಸೀದಿಯಿದೆ, ಅದಕ್ಕೆ ಹಿಂದೂ ಪೂಜಾರಿ ಇದ್ದಾನೆ, ಮೊಹರಂ ಬಂತೆಂದರೆ ಊರಿಗೆ ಊರೇ ಫಕೀರ ಆಗುತ್ತದೆ. ಧಾರವಾಡದಿಂದ ರಾಯಚೂರಿನವರೆಗೆ ಇಂಥ ಹಳ್ಳಿಗಳು ಬೇಕಾದಷ್ಟು. ಮುದಗಲ್ಲಿನ ಮೊಹರಂ ನೋಡಲು ಜನ ಎಲ್ಲಿಂದೆಲ್ಲಿಂದಲೋ ಬರುತ್ತಾರೆ. ಅಲಾಯಿ ಬೆಂಕಿಯ ಕುಣಿಗೆ ಗುದ್ದಲಿ ಹಾಕುವವರು ಒಬ್ಬರು, ಕಟ್ಟಿಗೆ ಹೊರುವ ಓಣಿ ಇನ್ನೊಂದು, ದೇವರು ಹಿಡಿಯುವವರು ಮತ್ತೊಬ್ಬರು. ಹೆಜ್ಜೆ ಹಾಕುವ ಹುಡುಗರಿಗೆ ತಿಂಗಳ ಮುಂಚಿನಿಂದ ತಾಲೀಮು. ನಮ್ಮ ಅಜ್ಜಿ ಸೋಮವಾರ ತಪ್ಪದೆ ಈಶ್ವರನ ಗುಡಿಗೆ ಹೋಗುವವಳು. ಅಲಾಯಿ ದೇವರು ಕೂತ ದಿನ ನಮ್ಮೆಲ್ಲರ ಕೊರಳಿಗೆ ಲಾಡಿ ಕಟ್ಟಿಸಿ, ಚೊಂಗೆ ಮಾಡಿ, ಸಕ್ಕರೆ ಓದಿಸಿಕೊಂಡು ಬರುವಳು. ಇದು ಸೌಹಾರ್ದ ಎಂದು ಯಾರಾದರೂ ಹೇಳಿದ್ದರೆ ‘ಏನಪಾ ಅದು?’ ಎಂದು ಕೇಳುತ್ತಿದ್ದಳು. ಹರಕೆ ತೀರಿಸುವುದು, ಅಷ್ಟೇ. ನೀವು ವೇದಿಕೆ ಮೇಲೆ ಕರೆತಂದ ಶರೀಫರು (1819–1889) ಇದೇ ಮೊಹರಂಗೆ ರಿವಾಯತ ಪದ ಕಟ್ಟಿಕೊಟ್ಟವರು. ಕುಣಿಯ ಸುತ್ತ ರಾತ್ರಿಯಿಡೀ ಹಾಡುವವರಿಗೆ ಪದ ಬೇಕಿತ್ತು, ಕಟ್ಟಿದರು.

ದಲಿತರ ಜಾಗ ಎಲ್ಲಿತ್ತು ಎಂದು ಕೇಳಿದ್ದೀರಲ್ಲ, ಪತ್ರದಲ್ಲಿ ನನ್ನನ್ನು ಚುಚ್ಚಿದ ಸಾಲು ಅದೊಂದೇ. ಹಲಗೆ ಬಾರಿಸುವವನಿಲ್ಲದೆ ಮೆರವಣಿಗೆ ಹೊರಡದು, ಆದರೆ ಗುಡಿಯ ಕಟ್ಟೆ ಅವನಿಗಿಲ್ಲ. ಊಟಕ್ಕೆ ಕೊನೆಯ ಪಂಕ್ತಿ. ಎಷ್ಟೋ ಊರುಗಳಲ್ಲಿ ಇವತ್ತಿಗೂ ಹಾಗೇ ಇದೆ. ಪಾಲು ಹಂಚಿದ ಹಳೆಯ ಊರು ತಾರತಮ್ಯವನ್ನೂ ಜೊತೆಗೇ ಹಂಚಿತ್ತು, ಒಪ್ಪುತ್ತೇನೆ. ಆದರೆ ಅದಕ್ಕೆ ಮದ್ದು ಯಾವುದು? ಸಮಾವೇಶದಲ್ಲಿ ಒಬ್ಬ ದಲಿತ ಮುಖಂಡರಿಗೂ ಒಂದು ಕುರ್ಚಿ ಹಾಕುವುದೇ? ಜಾತ್ರಾ ಕಮಿಟಿಯಲ್ಲಿ ಹಲಗೆಯವನ ಮಗ ಖಜಾಂಚಿ ಆಗಲಿ. ಲೆಕ್ಕದ ಪುಸ್ತಕ ಅವನ ಕೈಯಲ್ಲಿರಲಿ, ರಸೀದಿಗೆ ಸಹಿ ಅವನದಿರಲಿ. ಆಗ ಊಟದ ಪಂಕ್ತಿ ಹೇಗೆ ಬದಲಾಗುತ್ತದೆ ನೋಡಿ. ಆ ಜಗಳ ಕಾಯಬೇಕಾದ್ದೂ ಕಮಿಟಿಯಲ್ಲೇ. ಅಂದರೆ ನಿಮ್ಮ ಪ್ರಶ್ನೆಯೂ ನನ್ನನ್ನು ತಂದು ನಿಲ್ಲಿಸುವುದು ಅದೇ ಕಮಿಟಿಯ ಬಾಗಿಲಿಗೇ.

ಹಳ್ಳಿಯ ಮಾತಾಯಿತು, ಪೇಟೆಯಲ್ಲಿ ಏನು ಮಾಡೋಣ ಎನ್ನುತ್ತೀರಿ. ಅಶುತೋಷ್ ವಾರ್ಷ್ಣೇಯ ಎಂಬ ವಿದ್ವಾಂಸರು 1950ರಿಂದ 1995ರವರೆಗಿನ ಹಿಂದೂ-ಮುಸ್ಲಿಂ ಗಲಭೆಗಳನ್ನೆಲ್ಲ ಲೆಕ್ಕ ಹಾಕಿದ್ದಾರೆ. ಸತ್ತವರಲ್ಲಿ ಹಳ್ಳಿಗಳ ಪಾಲು ನೂರಕ್ಕೆ ನಾಲ್ಕೂ ಇಲ್ಲ. ಉಳಿದದ್ದೆಲ್ಲ ಪಟ್ಟಣಗಳದು, ಅದರಲ್ಲೂ ಸುಮಾರು ಅರ್ಧ ಬೆರಳೆಣಿಕೆಯ ನಗರಗಳದೇ. ಉತ್ತರ ಪ್ರದೇಶದ ಅಲಿಗಢ, ಕೇರಳದ ಕೋಳಿಕ್ಕೋಡ್ ಎರಡರಲ್ಲೂ ಮುಸ್ಲಿಮರು ಮೂರರಲ್ಲೊಂದು ಪಾಲಿಗಿಂತ ಹೆಚ್ಚು. ಅಲಿಗಢ ಮತ್ತೆ ಮತ್ತೆ ಹೊತ್ತಿಕೊಂಡಿತು, ಕೋಳಿಕ್ಕೋಡ್ ಹೊತ್ತಲಿಲ್ಲ. ಕೋಳಿಕ್ಕೋಡಿನ ವರ್ತಕರ ಸಂಘ, ಕಾರ್ಮಿಕ ಸಂಘ, ಓದುಕೂಟಗಳಲ್ಲಿ ಎರಡೂ ಕಡೆಯವರು ಸದಸ್ಯರು. ಸುಳ್ಳುಸುದ್ದಿ ಹಬ್ಬಿದರೆ ಅದು ನಿಜವೋ ಅಲ್ಲವೋ ಎಂದು ರಾತ್ರಿಯೇ ಫೋನು ಮಾಡಿ ಕೇಳಲು ಅತ್ತ ಕಡೆ ಒಬ್ಬ ಪಾಲುದಾರನಿರುತ್ತಾನೆ. 1984ರಲ್ಲಿ ಉರಿದ ಭಿವಂಡಿಯಲ್ಲಿ ಸುರೇಶ್ ಖೋಪಡೆ ಎಂಬ ಪೊಲೀಸ್ ಅಧಿಕಾರಿ ಓಣಿಗೊಂದು ಮೊಹಲ್ಲಾ ಕಮಿಟಿ ಮಾಡಿದರು. ಕೊಳಾಯಿ ಜಗಳ, ಚರಂಡಿ ಜಗಳ ಎಲ್ಲವೂ ಅಲ್ಲೇ ತೀರ್ಮಾನ. 1992–93ರಲ್ಲಿ ಪಕ್ಕದ ಮುಂಬೈ ಹೊತ್ತಿ ಉರಿಯುತ್ತಿದ್ದಾಗ ಭಿವಂಡಿ ಶಾಂತವಾಗಿತ್ತು. ಆ ಕಮಿಟಿಗಳಲ್ಲಿ ಕಬೀರನ ದೋಹೆ ಯಾರಾದರೂ ಹಾಡಿದ್ದರೋ ಇಲ್ಲವೋ, ಚರಂಡಿ ಮಾತ್ರ ಸರಿಹೋಗಿರಬೇಕು.

ನಮ್ಮಲ್ಲೇ ನೋಡಿ. ರಾಮನಗರದ ಗೂಡಿನ ಮಾರುಕಟ್ಟೆಗೆ ರೇಷ್ಮೆ ಗೂಡು ತರುವ ರೈತರಲ್ಲಿ ಒಕ್ಕಲಿಗರು ಹೆಚ್ಚು, ಹರಾಜಿನಲ್ಲಿ ಕೊಂಡು ನೂಲು ತೆಗೆಯುವ ರೀಲರುಗಳಲ್ಲಿ ಮುಸ್ಲಿಮರು ಹೆಚ್ಚು. ಅವರಲ್ಲೂ ಬೆಲೆಯ ಮೇಲೆ ಕಚ್ಚಾಟವಿದೆ, ಬೈಗುಳವೂ ಇದೆ. ಆದರೆ ನಾಳೆಯಿಂದ ನಿನ್ನ ಮುಖ ನೋಡುವುದಿಲ್ಲ ಎಂದು ಇಬ್ಬರೂ ಅನ್ನಲಾರರು. ಉಡುಪಿಯ ಶಂಕರಪುರದಲ್ಲಿ ಮಲ್ಲಿಗೆ ಬೆಳೆಯುವ ಎಷ್ಟೋ ಮನೆಗಳು ಕ್ರೈಸ್ತರವು. ಕಟ್ಟಿದ ಹೂವು ನಾಲ್ಕು ಚೆಂಡಿಗೆ ಒಂದು ಅಟ್ಟೆ, ದಿನಕ್ಕೊಂದು ದರ. ಆ ಹೂವು ಮುಡಿಯುವುದು ಕರಾವಳಿಯ ಗುಡಿಗಳ ಅಮ್ಮನವರುಗಳು.

ದೂರದ ಒಂದು ಊರಿನ ಕತೆಯನ್ನೂ ಹೇಳಬೇಕು, ಏಕೆಂದರೆ ಅದರಲ್ಲಿ ನನ್ನ ಕಸುಬಿನವರಿದ್ದಾರೆ. ಅಮೆರಿಕದ ಮೊಂಟಾನಾ ರಾಜ್ಯದ ಬಿಲಿಂಗ್ಸ್ ಪಟ್ಟಣ, 1993. ಮೂಲನಿವಾಸಿ ಕುಟುಂಬವೊಂದರ ಮನೆಗೋಡೆ ಮೇಲೆ ಹೊಲಸು ಬರೆದರು. ಪೇಂಟರುಗಳ ಯೂನಿಯನ್ನಿನವರು ಬಂದು ಗೋಡೆಗೆ ಬಣ್ಣ ಬಳಿದು ಹೋದರು. ಡಿಸೆಂಬರಿನಲ್ಲಿ ಹನುಕ್ಕಾ ಹಬ್ಬದ ದೀಪದ ಚಿತ್ರ ಅಂಟಿಸಿದ್ದ ಯಹೂದಿ ಮನೆಯ ಕಿಟಕಿಗೆ ಕಲ್ಲು ಬಿತ್ತು. ಅದು ಮಗುವಿನ ಕೋಣೆ. ಊರಿನ ಪತ್ರಿಕೆ ಬಿಲಿಂಗ್ಸ್ ಗೆಜೆಟ್ ಆ ದೀಪದ ಚಿತ್ರವನ್ನು ಪುಟದ ತುಂಬ ಅಚ್ಚುಹಾಕಿತು. ಸಾವಿರಾರು ಕ್ರೈಸ್ತ ಮನೆಗಳವರು ಅದನ್ನು ಕಿಟಕಿಗೆ ಅಂಟಿಸಿದರು. ಎಷ್ಟು ಕಿಟಕಿಗೆಂದು ಕಲ್ಲು ಹೊಡೆದಾರು? ಪೇಂಟರು ಬಣ್ಣ ಬಳಿದ, ಪತ್ರಿಕೆಯವರು ಪುಟ ಅಚ್ಚು ಮಾಡಿದರು. ಅವರವರ ಕೈಗೆ ಬರುವ ಕೆಲಸ.

ನಮ್ಮ ಪತ್ರಿಕೆಗಳು ಏನು ಮಾಡುತ್ತವೆ? ವರ್ಷಕ್ಕೊಮ್ಮೆ ಮೊಹರಂ ದಿನ ಹುಲಿವೇಷದ ಬಣ್ಣದ ಫೋಟೊ, ಕೆಳಗೆ ‘ಭಾವೈಕ್ಯದ ಸಂಕೇತ’. ಮಿಕ್ಕ ದಿನ ಯಾವ ಮೆರವಣಿಗೆಗೆ ಎಲ್ಲಿ ಕಲ್ಲು ಬಿತ್ತು ಎಂಬುದೇ ಮುಖಪುಟ. ಟಿವಿಯವರ ಮಾತು ಬಿಡಿ. ಧಾರವಾಡದ ನುಗ್ಗಿಕೇರಿ ಹನುಮಂತನ ಗುಡಿಯೆದುರು ಕಲ್ಲಂಗಡಿ ಮಾರುತ್ತಿದ್ದ ಬಡವನ ಹಣ್ಣುಗಳನ್ನು 2022ರ ಏಪ್ರಿಲ್‌ನಲ್ಲಿ ನೆಲಕ್ಕೆ ಕುಕ್ಕಿ ಒಡೆದರು. ಆ ದೃಶ್ಯವನ್ನು ಎಷ್ಟು ಸಲ ತೋರಿಸಿದರೋ! ಅವನು ಅಲ್ಲಿ ವರ್ಷಗಟ್ಟಲೆ ನೆಮ್ಮದಿಯಾಗಿ ಹಣ್ಣು ಮಾರಿದ್ದು ಯಾರಿಗೂ ಸುದ್ದಿಯಾಗಿರಲಿಲ್ಲ.

ಇದಕ್ಕೆಲ್ಲ ಬೇರು ಎಲ್ಲಿದೆ ಗೊತ್ತೇ ಮಾಸ್ತರರೇ? ನೀವು ದುಡಿದ ಜಾಗದಲ್ಲೇ ಇದೆ. ಸರ್ಕಾರಿ ಕನ್ನಡ ಶಾಲೆಯಲ್ಲಿ ಗೌಡರ ಹುಡುಗ, ಮಾದರ ಹುಡುಗ, ಪಿಂಜಾರರ ಹುಡುಗಿ ಒಂದೇ ಕೋಣೆಯಲ್ಲಿ ಕೂತು ನಿಮ್ಮ ಕೈಯಲ್ಲಿ ಒಂದೇ ಬೆತ್ತದ ಏಟು ತಿಂದರು. ಈಗ ಬೆಳಗ್ಗೆ ಏಳೂವರೆಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನೋಡಿ. ಮಠದ ಶಾಲೆಯ ವ್ಯಾನು, ಮಿಷನ್ ಶಾಲೆಯ ವ್ಯಾನು, ಉರ್ದು ಶಾಲೆಗೆ ನಡೆದು ಹೋಗುವವರು, ದುಡ್ಡಿದ್ದವರ ಇಂಟರ್‌ನ್ಯಾಷನಲ್ ಬಸ್ಸು. ಉಳಿದವರು, ಅಂದರೆ ಬೇರೆ ಗತಿಯಿಲ್ಲದವರು, ಸರ್ಕಾರಿ ಶಾಲೆಗೆ. ಹದಿನೆಂಟು ವರ್ಷ ಒಬ್ಬರನ್ನೊಬ್ಬರು ನೋಡದೆ ಬೆಳೆದ ಮಕ್ಕಳನ್ನು ಒಂದು ಭಾನುವಾರ ಸಮಾವೇಶಕ್ಕೆ ಕರೆದು ‘ನಾವೆಲ್ಲ ಅಣ್ಣತಮ್ಮಂದಿರು’ ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಪೇಟೆಯಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಮೊದಲು ಹೆಸರು, ಆಮೇಲೆ ಅಡುಗೆ, ಕಡೆಗೆ ಅಡ್ವಾನ್ಸು. ಸೌಹಾರ್ದದ ವೇದಿಕೆ ಮೇಲೆ ಸೊಗಸಾಗಿ ಮಾತಾಡುವ ಒಬ್ಬ ಪರಿಚಿತರ ಮಹಡಿ ಮನೆ ಎರಡು ವರ್ಷದಿಂದ ಖಾಲಿ ಬಿದ್ದಿದೆ. ‘ನಮ್ಮವರು’ ಸಿಗಲಿ ಎಂದು ಕಾಯುತ್ತಿದ್ದಾರಂತೆ!

ಪ್ರೀತಿ ಸಂಘಟಿತವಾಗಿ ನಿಲ್ಲಬೇಡವೇ ಎಂದಿರಿ. ನಿಲ್ಲಲಿ. ನಿಮ್ಮಲ್ಲಿ ಎಂಟುನೂರು ಹೆಸರಿನ ಪಟ್ಟಿಯಿದೆಯಲ್ಲ, ಅದರಲ್ಲಿ ಎಂಟು ಜನರನ್ನು ಆರಿಸಿ. ಎಪಿಎಂಸಿಯ ಒಬ್ಬ ದಲಾಲಿ, ಒಬ್ಬ ತೆಂಗಿನಕಾಯಿ ವ್ಯಾಪಾರಿ, ಒಬ್ಬ ಹೂವಿನವಳು, ಜಾತ್ರೆಯಲ್ಲಿ ಮಿರ್ಚಿ-ಮಂಡಕ್ಕಿ ಅಂಗಡಿ ಇಡುವವನು, ಸಾಧ್ಯವಾದರೆ ಒಬ್ಬ ವಕೀಲರು ಇರಲಿ. ಜಾತ್ರೆಗೆ ಮುಂಚೆ ಅಂಗಡಿ ಹರಾಜಿನ ಪ್ರಕಟಣೆ ದೇವಸ್ಥಾನದ ಬೋರ್ಡಿಗೆ ಅಂಟುತ್ತದೆ. ಷರತ್ತುಗಳನ್ನು ಕೊನೆಯ ಸಾಲಿನವರೆಗೆ ಓದಿಸಿ. ಹರಾಜಿನ ದಿನ ಎಂಟೂ ಜನ ಮುಂದಿನ ಸಾಲಲ್ಲಿ ಕೂತು, ಹೋದ ವರ್ಷ ಇದ್ದ ಯಾವ ಅಂಗಡಿ ಈ ವರ್ಷ ಇಲ್ಲ, ಯಾಕಿಲ್ಲ ಎಂದು ಕೇಳಿ. ಕಮಿಟಿಯಲ್ಲಿ ಯಾವ ಓಣಿಯವರು ಇಲ್ಲ ಎಂದೂ ಅದೇ ಉಸಿರಲ್ಲಿ ಕೇಳಿಬಿಡಿ. ಬೈಸಿಕೊಂಡರೆ ಬೈಸಿಕೊಳ್ಳಿ, ಮಾಸ್ತರಿಕೆ ಮಾಡಿದವರಿಗೆ ಅದೇನು ಹೊಸದಲ್ಲ.

ಅಲ್ಲಿ ನಡೆದದ್ದನ್ನು ಇದೇ ದುಂಡು ಅಕ್ಷರದಲ್ಲಿ ಬರೆದು ಕಳಿಸಿ. ಐದಲ್ಲ, ಏಳು ಪುಟ ಕೊಡುತ್ತೇನೆ. ಯಾರು ಏನೆಂದರು ಎಂಬುದನ್ನು ಆಡಿದ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ.